ಗಿಟ್‌ನಲ್ಲಿ ಬ್ರಾಂಚ್‌ಗಳ ಬಳಕೆ: ತಂಡಕ್ಕೊಂದು ಕೆಲಸದ ಕ್ರಮ

ಸಿವಿಎಸ್, ಸಬ್‌ವರ್ಷನ್‌ನಂತಹ ಹಿಂದಿನ ಆವೃತ್ತಿ ನಿಯಂತ್ರಣ ವ್ಯವಸ್ಥೆಗಳಲ್ಲಿ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶಗಳಲ್ಲಿ) ಯೋಜನೆಯ ಇತಿಹಾಸವೆಲ್ಲ ಒಂದೇ ಸರ್ವರ್‌ನಲ್ಲಿ ಇರುತ್ತಿತ್ತು. ಕೋಡ್ ಬರೆಯುವವರ ಕೈಯಲ್ಲಿ ಇರುತ್ತಿದ್ದುದು ಕಡತಗಳ ಒಂದು ಆವೃತ್ತಿಯ ಪ್ರತಿ ಮಾತ್ರ. ಹಳೆಯ ಬದಲಾವಣೆಗಳನ್ನು ನೋಡುವುದಕ್ಕೂ ಹೊಸದನ್ನು ದಾಖಲಿಸುವುದಕ್ಕೂ ಸರ್ವರ್‌ನ ಸಂಪರ್ಕ ಬೇಕಾಗುತ್ತಿತ್ತು. ಲಿನಕ್ಸ್ ಕರ್ನಲ್ ತಂಡವು ಬಳಸುತ್ತಿದ್ದ ಬಿಟ್‌ಕೀಪರ್ ತಂತ್ರಾಂಶವನ್ನು ಉಚಿತವಾಗಿ ಬಳಸುವ ಅವಕಾಶ 2005ರಲ್ಲಿ ತಪ್ಪಿಹೋದಾಗ, ಲಿನಕ್ಸ್‌ನ ಕರ್ತೃ ಲಿನಸ್ ಟೋರ್ವಾಲ್ಡ್ಸ್ ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಗಿಟ್ ಬರೆಯಲು ತೊಡಗಿದರು; ಮರ್ಕ್ಯೂರಿಯಲ್ ಹುಟ್ಟಿದ್ದೂ ಅದೇ ಸಂದರ್ಭದಲ್ಲಿಯೇ. ಇವು ವಿಕೇಂದ್ರಿತ ವ್ಯವಸ್ಥೆಗಳು. ರೆಪೊಸಿಟರಿಯನ್ನು (ಯೋಜನೆಯ ಕಡತಗಳೂ ಇತಿಹಾಸವೂ ಇರುವ ಭಂಡಾರವನ್ನು) ಕ್ಲೋನ್, ಅಂದರೆ ನಕಲು, ಮಾಡಿಕೊಂಡ ಪ್ರತಿಯೊಬ್ಬರ ಕಂಪ್ಯೂಟರಿನಲ್ಲಿಯೂ ಮೊದಲ ಕಮಿಟ್‌ನಿಂದ (ದಾಖಲಿಸಿದ ಬದಲಾವಣೆಯಿಂದ) ಹಿಡಿದು ಇಡೀ ಇತಿಹಾಸ ಇರುತ್ತದೆ. ಕಮಿಟ್ ಮಾಡುವುದು, ಬ್ರಾಂಚ್ (ಮುಖ್ಯ ಕೋಡ್‌ನಿಂದ ಕವಲೊಡೆದ ಕೆಲಸದ ಸಾಲು) ತೆರೆಯುವುದು, ಹಳೆಯ ಆವೃತ್ತಿಯೊಡನೆ ಹೋಲಿಸಿ ನೋಡುವುದು ಎಲ್ಲವೂ ಅಂತರ್ಜಾಲದ ಸಂಪರ್ಕವಿಲ್ಲದೆಯೇ ನಡೆಯುತ್ತವೆ.

ಆದರೆ ಈ ಸ್ವಾತಂತ್ರ್ಯದ ಜೊತೆಗೆ ಒಂದು ಹೊಣೆಯೂ ಬರುತ್ತದೆ. ಪ್ರತಿಯೊಬ್ಬರ ಬಳಿಯೂ ಪೂರ್ಣ ರೆಪೊಸಿಟರಿ ಇರುವಾಗ, ಯಾವುದನ್ನು ಎಲ್ಲಿ ಸೇರಿಸಬೇಕು, ಯಾವಾಗ ಸೇರಿಸಬೇಕು, ಬಿಡುಗಡೆಗೆ ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳಬೇಕು ಎಂಬುದನ್ನು ಗಿಟ್ ಹೇಳುವುದಿಲ್ಲ. ಅದನ್ನು ತಂಡವೇ ತೀರ್ಮಾನಿಸಬೇಕು. ಮುಂದಿನ ಹಂತಗಳೆಲ್ಲ ಆ ತೀರ್ಮಾನಕ್ಕೆ ಸಂಬಂಧಿಸಿದವು. ಅವುಗಳ ಹಿಂದಿರುವ ನನ್ನ ನಿಲುವನ್ನು ಮೊದಲೇ ಹೇಳುವುದಾದರೆ, ಬ್ರಾಂಚ್‌ಗಳಿಂದ ಉಂಟಾಗುವ ತೊಂದರೆಗಳಲ್ಲಿ ಹೆಚ್ಚಿನವು ಬ್ರಾಂಚ್‌ಗಳ ಸಂಖ್ಯೆಯಿಂದ ಬರುವುದಿಲ್ಲ, ಅವುಗಳ ಆಯುಸ್ಸಿನಿಂದ ಬರುತ್ತವೆ. ಎರಡು ದಿನ ಬದುಕುವ ಹತ್ತು ಬ್ರಾಂಚ್‌ಗಳನ್ನು ನಿಭಾಯಿಸುವುದು ಸುಲಭ. ಎರಡು ತಿಂಗಳು ಬದುಕುವ ಒಂದೇ ಬ್ರಾಂಚ್ ಇಡೀ ತಂಡದ ಒಂದು ವಾರವನ್ನು ತಿಂದುಹಾಕಬಲ್ಲದು.

ಓದುಗರಿಗೆ ಒಂದು ಸೂಚನೆ: ಇಲ್ಲಿ ಆದೇಶಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು.

ಹಂತ 1: ಕಂಪ್ಯೂಟರನ್ನು ಸಿದ್ಧಪಡಿಸುವುದು

ಗಿಟ್ ಅನ್ನು ಅನುಸ್ಥಾಪಿಸಿದ ಬಳಿಕ ‘ಗಿಟ್ ಕಾನ್ಫಿಗ್ --ಗ್ಲೋಬಲ್’ ಆದೇಶದಿಂದ ನಿಮ್ಮ ಹೆಸರನ್ನೂ ಇಮೇಲ್ ವಿಳಾಸವನ್ನೂ ದಾಖಲಿಸಿ. ಪ್ರತಿ ಕಮಿಟ್‌ನಲ್ಲಿಯೂ ಇವು ಶಾಶ್ವತವಾಗಿ ಸೇರಿಕೊಳ್ಳುತ್ತವೆ. ಆದ್ದರಿಂದ ವೈಯಕ್ತಿಕ ವಿಳಾಸ ಮತ್ತು ಕಚೇರಿಯ ವಿಳಾಸಗಳಲ್ಲಿ ಯಾವುದು ಇರಬೇಕೆಂಬುದನ್ನು ಮೊದಲೇ ಯೋಚಿಸಿಕೊಳ್ಳುವುದು ಒಳ್ಳೆಯದು. ‘ಪುಲ್.ಎಫ್ಎಫ್’ ಎಂಬ ಆಯ್ಕೆಗೆ ‘ಓನ್ಲಿ’ ಎಂಬ ಬೆಲೆಯನ್ನು ಕೊಟ್ಟುಬಿಡಿ. ‘ಗಿಟ್ ಪುಲ್’ ಎಂಬುದು ‘ಗಿಟ್ ಫೆಚ್’ (ಸರ್ವರ್‌ನಿಂದ ಹೊಸದನ್ನು ತರುವುದು) ಮತ್ತು ‘ಗಿಟ್ ಮರ್ಜ್’ (ಅದನ್ನು ನಿಮ್ಮ ಕೆಲಸದೊಡನೆ ಕೂಡಿಸುವುದು) ಎರಡನ್ನೂ ಒಟ್ಟಿಗೆ ಮಾಡುವ ಆದೇಶ. ಈ ಆಯ್ಕೆ ಇಲ್ಲದಿದ್ದರೆ, ಗಿಟ್‌ನ ಹಳೆಯ ಆವೃತ್ತಿಗಳಲ್ಲಿ ಅದು ನಿಮಗೆ ಬೇಡವಾದ ಮರ್ಜ್ ಕಮಿಟ್‌ಗಳನ್ನು ಇತಿಹಾಸದಲ್ಲಿ ಸೇರಿಸಿಬಿಡಬಹುದು. ಆಯ್ಕೆಯಿದ್ದಾಗ, ಎರಡು ಕಡೆಯ ಇತಿಹಾಸಗಳು ಕವಲೊಡೆದಿದ್ದರೆ ಆದೇಶ ಅಲ್ಲಿಯೇ ನಿಂತು ನಿಮಗೆ ತಿಳಿಸುತ್ತದೆ, ಮುಂದೇನು ಮಾಡಬೇಕೆಂಬುದನ್ನು ನೀವು ನಿರ್ಧರಿಸಬಹುದು.

ಯೋಜನೆಯ ಮೂಲ ಕೋಶದಲ್ಲಿ ‘.ಗಿಟ್‌ಇಗ್ನೋರ್’ ಕಡತವನ್ನು ಮೊದಲ ಕಮಿಟ್‌ಗೆ ಮುಂಚೆಯೇ ಬರೆದಿಡಿ. ಕಂಪೈಲ್ ಆದ ಕಡತಗಳು, ಲಾಗ್‌ಗಳು, ಪಾಸ್‌ವರ್ಡ್‌ಗಳಿರುವ ಸಂರಚನಾ ಕಡತಗಳು ರೆಪೊಸಿಟರಿಯೊಳಗೆ ಬರಬಾರದು. ಒಮ್ಮೆ ಕಮಿಟ್ ಆದ ಕಡತವನ್ನು ಆಮೇಲೆ ಈ ಪಟ್ಟಿಗೆ ಸೇರಿಸಿದರೆ ಗಿಟ್ ಅದನ್ನು ಮರೆಯುವುದಿಲ್ಲ. ‘ಗಿಟ್ ಆರ್‌ಎಂ --ಕ್ಯಾಶ್ಡ್’ ಮೂಲಕ ಪ್ರತ್ಯೇಕವಾಗಿ ಹೊರತೆಗೆಯಬೇಕಾಗುತ್ತದೆ.

ಹಂತ 2: ಬ್ರಾಂಚ್ ಎಂಬುದು ನಿಜಕ್ಕೂ ಏನೆಂದು ತಿಳಿಯುವುದು

ಈ ಹಂತದಲ್ಲಿ ಟೈಪ್ ಮಾಡಬೇಕಾದದ್ದು ಏನೂ ಇಲ್ಲ, ಆದರೂ ಇದನ್ನು ದಾಟಿ ಹೋಗಬೇಡಿ. ಗಿಟ್‌ನಲ್ಲಿ ಪ್ರತಿ ಕಮಿಟ್ ಆ ಕ್ಷಣದ ಇಡೀ ಯೋಜನೆಯ ಸ್ಥಿತಿಯನ್ನೂ, ತನಗಿಂತ ಹಿಂದಿನ ಕಮಿಟ್‌ನ ಗುರುತನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಆ ಗುರುತು ಸಾಮಾನ್ಯವಾಗಿ 40 ಅಕ್ಷರಗಳ ಒಂದು ಎಸ್‌ಎಚ್‌ಎ-1 ಹ್ಯಾಶ್, ಅಂದರೆ ಕಮಿಟ್‌ನ ಒಳಗಿನ ಮಾಹಿತಿಯಿಂದ ಲೆಕ್ಕಹಾಕಿದ ಅಕ್ಷರಸರಣಿ. ಬ್ರಾಂಚ್ ಎಂದರೆ ಇಂತಹ ಒಂದು ಹ್ಯಾಶ್ ಅನ್ನು ಬರೆದಿಟ್ಟ ಪುಟ್ಟ ಕಡತ ಮಾತ್ರ. 40 ಅಕ್ಷರ ಮತ್ತು ಸಾಲಿನ ಕೊನೆಯ ಗುರುತು ಸೇರಿ ಅದರ ಗಾತ್ರ 41 ಬೈಟ್. ಹೊಸ ಬ್ರಾಂಚ್ ತೆರೆದಾಗ ಯೋಜನೆಯ ಕಡತಗಳ ನಕಲು ಆಗುವುದಿಲ್ಲ, ಹೊಸದೊಂದು ಸೂಚಕ ಹುಟ್ಟುತ್ತದೆ, ಅಷ್ಟೇ. ನೀವು ಕಮಿಟ್ ಮಾಡಿದಂತೆಲ್ಲ ಆ ಸೂಚಕ ಮುಂದೆ ಸರಿಯುತ್ತದೆ. ‘ಹೆಡ್’ ಎಂಬ ಇನ್ನೊಂದು ಸೂಚಕವು ನೀವು ಈಗ ಯಾವ ಬ್ರಾಂಚ್‌ನಲ್ಲಿದ್ದೀರಿ ಎಂಬುದನ್ನು ತೋರಿಸುತ್ತದೆ.

ಬ್ರಾಂಚ್ ಅಳಿಸಿದರೆ ಕೆಲಸವೆಲ್ಲ ಹೋಯಿತೆಂದು ಹೊಸಬರು ಗಾಬರಿಯಾಗುವುದು ಇದನ್ನು ತಿಳಿಯದೆ. ಅಳಿಸಿಹೋಗುವುದು ಸೂಚಕ, ಕಮಿಟ್‌ಗಳು ಇನ್ನೂ ಕೆಲಕಾಲ ಅಲ್ಲಿಯೇ ಇರುತ್ತವೆ.

ಹಂತ 3: ತಂಡಕ್ಕೆ ಹೊಂದುವ ಕ್ರಮವನ್ನು ಆರಿಸುವುದು

ಪ್ರಚಲಿತವಾಗಿರುವ ಕ್ರಮಗಳು ಮುಖ್ಯವಾಗಿ ಮೂರು. ಇವುಗಳಲ್ಲಿ ಆರಿಸುವಾಗ ತಂಡದ ಗಾತ್ರಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ನಿಮ್ಮ ತಂತ್ರಾಂಶದ ಎಷ್ಟು ಆವೃತ್ತಿಗಳು ಒಂದೇ ಸಮಯದಲ್ಲಿ ಬಳಕೆಯಲ್ಲಿರುತ್ತವೆ?

ವಿನ್ಸೆಂಟ್ ಡ್ರೀಸೆನ್ 2010ರಲ್ಲಿ ಪ್ರಕಟಿಸಿದ ಗಿಟ್-ಫ್ಲೋ ಕ್ರಮದಲ್ಲಿ ಎರಡು ಶಾಶ್ವತ ಬ್ರಾಂಚ್‌ಗಳಿರುತ್ತವೆ. ಬಿಡುಗಡೆಯಾದ ಕೋಡ್ ಒಂದರಲ್ಲಿ, ಮುಂದಿನ ಬಿಡುಗಡೆಗಾಗಿ ಸಿದ್ಧವಾಗುತ್ತಿರುವ ಕೋಡ್ ‘ಡೆವಲಪ್’ ಎಂಬ ಇನ್ನೊಂದರಲ್ಲಿ. ಹೊಸ ಸೌಲಭ್ಯಗಳಿಗೆ ‘ಡೆವಲಪ್’ನಿಂದ ಫೀಚರ್ ಬ್ರಾಂಚ್‌ಗಳು ಹೊರಡುತ್ತವೆ, ಬಿಡುಗಡೆಯ ಸಿದ್ಧತೆಗೆ ರಿಲೀಸ್ ಬ್ರಾಂಚ್, ತುರ್ತು ದುರಸ್ತಿಗೆ ಹಾಟ್‌ಫಿಕ್ಸ್ ಬ್ರಾಂಚ್ ಇರುತ್ತವೆ; ಈ ಕೊನೆಯ ಎರಡನ್ನೂ ಎರಡೂ ಶಾಶ್ವತ ಬ್ರಾಂಚ್‌ಗಳಿಗೆ ಮರ್ಜ್ ಮಾಡಬೇಕು. ಗ್ರಾಹಕರ ಕಂಪ್ಯೂಟರುಗಳಲ್ಲಿ ಅನುಸ್ಥಾಪಿತವಾಗಿ ಹಲವು ಆವೃತ್ತಿಗಳು ಏಕಕಾಲದಲ್ಲಿ ಬದುಕಿರುವ ತಂತ್ರಾಂಶಕ್ಕೆ ಈ ಏರ್ಪಾಡು ಹೊಂದುತ್ತದೆ. ಜಾಲತಾಣಗಳನ್ನು ನಡೆಸುವ ಅನೇಕ ತಂಡಗಳು ಇದನ್ನು ಕಣ್ಣುಮುಚ್ಚಿ ಅಳವಡಿಸಿಕೊಂಡವು. ನಿರಂತರವಾಗಿ ಬಿಡುಗಡೆ ಮಾಡುವ ತಂಡಗಳಿಗೆ ಇನ್ನೂ ಸರಳವಾದ ಕ್ರಮ ಸಾಕು ಎಂದು ಡ್ರೀಸೆನ್ ಅವರೇ 2020ರಲ್ಲಿ ತಮ್ಮ ಮೂಲ ಬರಹಕ್ಕೆ ಟಿಪ್ಪಣಿ ಸೇರಿಸಿದ್ದಾರೆ.

ಆ ಸರಳ ಕ್ರಮವೇ ಗಿಟ್‌ಹಬ್ ಫ್ಲೋ. ಇಲ್ಲಿ ‘ಮೇನ್’ ಎಂಬ ಒಂದೇ ಶಾಶ್ವತ ಬ್ರಾಂಚ್ ಇರುತ್ತದೆ, ಅದು ಯಾವಾಗಲೂ ಬಿಡುಗಡೆಗೆ ಯೋಗ್ಯವಾದ ಸ್ಥಿತಿಯಲ್ಲಿರಬೇಕು. ಪ್ರತಿ ಬದಲಾವಣೆಗೂ ಅದರಿಂದ ಒಂದು ಬ್ರಾಂಚ್, ಅದಕ್ಕೊಂದು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ), ಪರಿಶೀಲನೆಯ ನಂತರ ಮರ್ಜ್. ಟ್ರಂಕ್ ಆಧಾರಿತ ಕ್ರಮ ಇದನ್ನು ಇನ್ನೂ ಬಿಗಿಗೊಳಿಸುತ್ತದೆ: ಎಲ್ಲರೂ ದಿನಕ್ಕೆ ಒಮ್ಮೆಯಾದರೂ ಮುಖ್ಯ ಬ್ರಾಂಚ್‌ಗೆ ತಮ್ಮ ಕೆಲಸವನ್ನು ಸೇರಿಸುತ್ತಾರೆ, ಪೂರ್ಣಗೊಳ್ಳದ ಸೌಲಭ್ಯವನ್ನು ಬ್ರಾಂಚ್‌ನಲ್ಲಿ ಅಡಗಿಸಿಡುವ ಬದಲು ಕೋಡ್‌ನಲ್ಲಿಯೇ ಫೀಚರ್ ಫ್ಲಾಗ್ ಎಂಬ ಸ್ವಿಚ್ ಇಟ್ಟು ಬಳಕೆದಾರರ ಕಣ್ಣಿಗೆ ಬೀಳದಂತೆ ಮಾಡುತ್ತಾರೆ. ಇದಕ್ಕೆ ನಂಬಿಕೆಗೆ ಅರ್ಹವಾದ ಸ್ವಯಂಚಾಲಿತ ಪರೀಕ್ಷೆಗಳು ಬೇಕೇ ಬೇಕು. ಪರೀಕ್ಷೆಗಳಿಲ್ಲದ ತಂಡವು ಈ ಕ್ರಮವನ್ನು ಹಿಡಿದರೆ ಮುಖ್ಯ ಬ್ರಾಂಚ್ ದಿನವೂ ಮುರಿದುಬೀಳುತ್ತದೆ, ಯಾರಿಗೂ ಕೆಲಸ ಸಾಗುವುದಿಲ್ಲ.

ಹೊಸದಾಗಿ ಆರಂಭಿಸುವ ತಂಡಕ್ಕೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ. ‘ಡೆವಲಪ್’ ಬ್ರಾಂಚ್ ಅಗತ್ಯವೆಂದು ಮುಂದೆ ಕಂಡುಬಂದರೆ ಆಗ ಸೇರಿಸಿಕೊಳ್ಳಬಹುದು. ಒಮ್ಮೆ ಬೇರೂರಿದ ಬ್ರಾಂಚ್ ಅನ್ನು ತೆಗೆದುಹಾಕುವುದು ಅದಕ್ಕಿಂತ ಬಹಳ ಕಷ್ಟ. ಮುಂದಿನ ಹಂತಗಳನ್ನು ಈ ಕ್ರಮಕ್ಕೆ ಅನುಗುಣವಾಗಿಯೇ ಬರೆದಿದೆ.

ಹಂತ 4: ಬ್ರಾಂಚ್ ತೆರೆದು ಕೆಲಸ ಮಾಡುವುದು

ಪಾಸ್‌ವರ್ಡ್ ಮರೆತವರಿಗೆ ಹೊಸ ಪಾಸ್‌ವರ್ಡ್ ಕೊಡುವ ಪುಟವೊಂದನ್ನು ನೀವು ಬರೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ಮೊದಲು ‘ಗಿಟ್ ಸ್ವಿಚ್ ಮೇನ್’, ಅನಂತರ ‘ಗಿಟ್ ಪುಲ್’ ಮಾಡಿ ನಿಮ್ಮ ಪ್ರತಿಯನ್ನು ಇತ್ತೀಚಿನ ಸ್ಥಿತಿಗೆ ತನ್ನಿ. ಹಳಸಿದ ಮುಖ್ಯ ಬ್ರಾಂಚ್‌ನಿಂದ ಹೊರಟ ಕೆಲಸ ಹುಟ್ಟುವಾಗಲೇ ಹಿಂದುಳಿದಿರುತ್ತದೆ. ಆಮೇಲೆ ‘ಗಿಟ್ ಸ್ವಿಚ್ -ಸಿ’ ಎಂದು ಬರೆದು ಮುಂದೆ ಬ್ರಾಂಚ್‌ನ ಹೆಸರನ್ನು ಕೊಡಿ. ‘ಸ್ವಿಚ್’ ಆದೇಶ 2019ರಲ್ಲಿ ಗಿಟ್ 2.23ರೊಡನೆ ಬಂದದ್ದು, ಅದಕ್ಕಿಂತ ಹಿಂದೆ ಬ್ರಾಂಚ್ ಬದಲಿಸುವುದಕ್ಕೂ ಕಡತವನ್ನು ಹಿಂದಿನ ಸ್ಥಿತಿಗೆ ತರುವುದಕ್ಕೂ ‘ಚೆಕ್‌ಔಟ್’ ಒಂದನ್ನೇ ಬಳಸುತ್ತಿದ್ದುದರಿಂದ ಗೊಂದಲಗಳು ಆಗುತ್ತಿದ್ದವು. ಹೆಸರಿನಲ್ಲಿ ಕೆಲಸದ ಬಗೆಯೂ ವಿಷಯವೂ ಗೊತ್ತಾಗುವಂತಿರಲಿ. ಬರೆಯುವವರ ಹೆಸರನ್ನಷ್ಟೇ ಇಟ್ಟ ಬ್ರಾಂಚ್‌ನಲ್ಲಿ ಏನಿದೆ ಎಂಬುದು ಒಂದು ವಾರದ ನಂತರ ಅವರಿಗೇ ನೆನಪಿರುವುದಿಲ್ಲ.

ಕಮಿಟ್‌ಗಳು ಸಣ್ಣವಾಗಿರಲಿ, ಒಂದು ಕಮಿಟ್‌ನಲ್ಲಿ ಒಂದೇ ವಿಚಾರವಿರಲಿ. ಪುಟವನ್ನು ಬರೆಯುತ್ತಿರುವಾಗ ಇನ್ನೊಂದು ಕಡತದಲ್ಲಿ ಅಕ್ಷರದೋಷ ಕಂಡು ತಿದ್ದಿದ್ದರೆ, ಅದು ಬೇರೆ ಕಮಿಟ್ ಆಗಬೇಕು. ‘ಗಿಟ್ ಆ್ಯಡ್ -ಪಿ’ ಆದೇಶವು ಬದಲಾವಣೆಗಳನ್ನು ತುಣುಕು ತುಣುಕಾಗಿ ತೋರಿಸಿ, ಯಾವುದನ್ನು ಸೇರಿಸಬೇಕು ಎಂದು ಒಂದೊಂದಕ್ಕೂ ಕೇಳುತ್ತದೆ. ಒಂದೇ ಕಡತದ ಎರಡು ಬದಲಾವಣೆಗಳನ್ನು ಎರಡು ಕಮಿಟ್‌ಗಳಿಗೆ ಹಂಚಲು ಇದು ನೆರವಾಗುತ್ತದೆ. ಮರೆತುಹೋದ ಡೀಬಗ್ ಸಾಲುಗಳು ಕಣ್ಣಿಗೆ ಬೀಳುವುದೂ ಇಲ್ಲಿಯೇ.

ಕಮಿಟ್ ಸಂದೇಶದ ಮೊದಲ ಸಾಲು ಸುಮಾರು 50 ಅಕ್ಷರಗಳೊಳಗೆ ಇರುವುದು, ಅದರ ಕೆಳಗೆ ಒಂದು ಖಾಲಿ ಸಾಲು, ಆಮೇಲೆ 72 ಅಕ್ಷರಗಳಿಗೆ ಮುರಿದ ವಿವರಣೆ ಎಂಬುದು ರೂಢಿ. ಏನು ಬದಲಾಯಿತೆಂಬುದನ್ನು ಕೋಡ್ ತಾನೇ ತೋರಿಸುತ್ತದೆ; ವಿವರಣೆಯಲ್ಲಿ ಬರೆಯಬೇಕಾದದ್ದು ಏಕೆ ಬದಲಾಯಿತು ಎಂಬುದನ್ನು. ‘ಸಣ್ಣ ತಿದ್ದುಪಡಿ’ ಎಂದು ಬರೆದ ಕಮಿಟ್‌ಗಳು ದೋಷವೊಂದರ ಮೂಲವನ್ನು ಹುಡುಕುವ ದಿನ ಯಾವ ಉಪಯೋಗಕ್ಕೂ ಬರುವುದಿಲ್ಲ. ಆ ಹುಡುಕಾಟಕ್ಕೆ ‘ಗಿಟ್ ಬೈಸೆಕ್ಟ್’ ಇದೆ: ಸರಿಯಿದ್ದ ಒಂದು ಕಮಿಟ್ ಮತ್ತು ಕೆಟ್ಟ ಒಂದು ಕಮಿಟ್ ಅನ್ನು ಹೇಳಿದರೆ, ನಡುವಿನದನ್ನು ಪರೀಕ್ಷಿಸಲು ಕೊಟ್ಟು, ಪ್ರತಿ ಬಾರಿಯೂ ಅರ್ಧದಷ್ಟನ್ನು ಕಳೆಯುತ್ತಾ ಹೋಗುತ್ತದೆ. 1000 ಕಮಿಟ್‌ಗಳ ನಡುವೆ ಅಡಗಿದ ದೋಷವು ಸುಮಾರು 10 ಪರೀಕ್ಷೆಗಳಲ್ಲಿ ಸಿಕ್ಕಿಬೀಳುತ್ತದೆ. ಆದರೆ ಸಿಕ್ಕ ಕಮಿಟ್‌ನಲ್ಲಿ ಮೂವತ್ತು ಕಡತಗಳು ಒಟ್ಟಿಗೆ ಬದಲಾಗಿದ್ದರೆ ಹುಡುಕಾಟ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಹಂತ 5: ಮುಖ್ಯ ಬ್ರಾಂಚ್‌ನ ಜೊತೆಗೆ ಹೆಜ್ಜೆ ಹಾಕುವುದು

ನೀವು ಬರೆಯುತ್ತಿರುವಾಗ ಇತರರೂ ಬರೆಯುತ್ತಿರುತ್ತಾರೆ. ಆದ್ದರಿಂದ ಪ್ರತಿದಿನ ‘ಗಿಟ್ ಫೆಚ್’ ಮಾಡಿ, ‘ಒರಿಜಿನ್/ಮೇನ್’ನಲ್ಲಿ, ಅಂದರೆ ಸರ್ವರ್‌ನ ಮುಖ್ಯ ಬ್ರಾಂಚ್‌ನಲ್ಲಿ, ಹೊಸದಾಗಿ ಬಂದದ್ದನ್ನು ನಿಮ್ಮ ಬ್ರಾಂಚ್‌ಗೆ ತಂದುಕೊಳ್ಳಿ. ಇದಕ್ಕೆ ಎರಡು ದಾರಿಗಳಿವೆ. ಮರ್ಜ್ ಮಾಡಿದರೆ ಎರಡು ಇತಿಹಾಸಗಳನ್ನು ಕೂಡಿಸುವ ಒಂದು ಹೊಸ ಕಮಿಟ್ ಹುಟ್ಟುತ್ತದೆ, ಹಳೆಯವು ಇದ್ದಂತೆಯೇ ಉಳಿಯುತ್ತವೆ. ರೀಬೇಸ್ ಮಾಡಿದರೆ ನಿಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಎತ್ತಿ ಮುಖ್ಯ ಬ್ರಾಂಚ್‌ನ ತುದಿಯ ಮೇಲೆ ಮತ್ತೆ ಬರೆಯಲಾಗುತ್ತದೆ. ಕಮಿಟ್‌ನ ಹ್ಯಾಶ್ ಅದರ ಹಿಂದಿನ ಕಮಿಟ್ ಅನ್ನೂ ಅವಲಂಬಿಸಿರುವುದರಿಂದ, ರೀಬೇಸ್ ಆದ ಕಮಿಟ್‌ಗಳು ನೋಡಲು ಹಳೆಯವುಗಳಂತೆಯೇ ಇದ್ದರೂ ಗಿಟ್‌ನ ದೃಷ್ಟಿಯಲ್ಲಿ ಬೇರೆಯವೇ ಆಗಿರುತ್ತವೆ.

ವಾಗ್ವಾದಗಳೆಲ್ಲ ಹುಟ್ಟುವುದು ಇಲ್ಲಿ. ನನ್ನ ಮಟ್ಟಿಗೆ ನಿಯಮ ಸರಳವಾಗಿದೆ: ನಿಮ್ಮೊಬ್ಬರದೇ ಆದ ಬ್ರಾಂಚ್ ಅನ್ನು ನಿಸ್ಸಂಕೋಚವಾಗಿ ರೀಬೇಸ್ ಮಾಡಿ, ಇನ್ನೊಬ್ಬರು ಆಧರಿಸಿ ಕೆಲಸ ಮಾಡುತ್ತಿರುವ ಬ್ರಾಂಚ್ ಅನ್ನು ಎಂದಿಗೂ ಮಾಡಬೇಡಿ. ಎರಡನೆಯದನ್ನು ಮಾಡಿದರೆ ಅವರ ಬಳಿ ಹಳೆಯ ಕಮಿಟ್‌ಗಳೂ ಸರ್ವರ್‌ನಲ್ಲಿ ಹೊಸ ಕಮಿಟ್‌ಗಳೂ ಇರುತ್ತವೆ, ಅವರು ಮುಂದಿನ ಸಲ ಪುಲ್ ಮಾಡಿ ಎರಡನ್ನೂ ಕೂಡಿಸಿದಾಗ ಒಂದೇ ಬದಲಾವಣೆ ಇತಿಹಾಸದಲ್ಲಿ ಎರಡೆರಡು ಬಾರಿ ಕಾಣಿಸಿಕೊಳ್ಳುತ್ತದೆ. ರೀಬೇಸ್ ಆದ ನಿಮ್ಮ ಬ್ರಾಂಚ್ ಅನ್ನು ಸರ್ವರ್‌ಗೆ ಕಳಿಸುವಾಗ ಬರಿಯ ‘--ಫೋರ್ಸ್’ ಬಳಸದೆ ‘--ಫೋರ್ಸ್-ವಿತ್-ಲೀಸ್’ ಬಳಸಿ. ನೀವು ಕೊನೆಯ ಬಾರಿ ನೋಡಿದ ನಂತರ ಬೇರೆ ಯಾರಾದರೂ ಅಲ್ಲಿಗೆ ಏನನ್ನಾದರೂ ಸೇರಿಸಿದ್ದರೆ ಅದು ಪುಶ್ ಅನ್ನು, ಅಂದರೆ ಸರ್ವರ್‌ಗೆ ಕಳಿಸುವುದನ್ನು, ತಡೆಯುತ್ತದೆ. ‘ಮೇನ್’ ಬ್ರಾಂಚ್‌ಗೆ ಬಲವಂತದ ಪುಶ್ ಆಗದಂತೆ ಸರ್ವರ್‌ನಲ್ಲಿಯೇ ರಕ್ಷಣೆಯ ನಿಯಮವನ್ನು ಹಾಕಿಡಬೇಕು.

ಹಂತ 6: ಕಾನ್‌ಫ್ಲಿಕ್ಟ್ ಬಗೆಹರಿಸುವುದು

ಒಂದೇ ಕಡತದ ಒಂದೇ ಜಾಗವನ್ನು ಇಬ್ಬರು ಬೇರೆ ಬೇರೆ ರೀತಿಯಲ್ಲಿ ಬದಲಿಸಿದ್ದರೆ, ಯಾವುದು ಸರಿಯೆಂದು ಗಿಟ್ ಊಹಿಸುವುದಿಲ್ಲ. ಅದು ಎರಡೂ ಪಾಠಗಳನ್ನು ಕಡತದಲ್ಲಿ ಇಟ್ಟು, ಸುತ್ತಲೂ ಏಳೇಳು ಗುರುತುಗಳ ಗಡಿರೇಖೆಗಳನ್ನು ಎಳೆದು, ನಿಮಗೆ ಒಪ್ಪಿಸುತ್ತದೆ. ‘ಗಿಟ್ ಸ್ಟೇಟಸ್’ ಯಾವ ಕಡತಗಳು ಬಾಕಿ ಇವೆ ಎಂಬುದನ್ನು ಹೇಳುತ್ತದೆ. ಗಡಿರೇಖೆಗಳ ನಡುವಿನ ಭಾಗವನ್ನು ಓದಿ, ಬೇಕಾದ ರೂಪಕ್ಕೆ ತಂದು, ರೇಖೆಗಳನ್ನು ಅಳಿಸಿ, ‘ಗಿಟ್ ಆ್ಯಡ್’ ಮಾಡಿ ಮುಂದುವರಿಯಬೇಕು. ಏನೂ ತಿಳಿಯದಂತಾದರೆ ‘ಗಿಟ್ ಮರ್ಜ್ --ಅಬಾರ್ಟ್’ ಅಥವಾ ‘ಗಿಟ್ ರೀಬೇಸ್ --ಅಬಾರ್ಟ್’ ನಿಮ್ಮನ್ನು ಮೊದಲಿದ್ದ ಸ್ಥಿತಿಗೆ ಮರಳಿಸುತ್ತದೆ.

‘ಮರ್ಜ್.ಕಾನ್‌ಫ್ಲಿಕ್ಟ್‌ಸ್ಟೈಲ್’ ಆಯ್ಕೆಗೆ ‘ಡಿಫ್3’ ಎಂದು ಕೊಟ್ಟರೆ ಎರಡು ಪಾಠಗಳ ಜೊತೆಗೆ, ಇಬ್ಬರೂ ಬದಲಿಸುವ ಮೊದಲು ಅಲ್ಲಿ ಏನಿತ್ತು ಎಂಬುದೂ ಕಾಣುತ್ತದೆ. ಮೂಲಪಾಠ ಕಣ್ಣೆದುರಿಗಿದ್ದರೆ ಯಾರು ಏನನ್ನು ಉದ್ದೇಶಿಸಿದ್ದರು ಎಂಬುದು ಬೇಗ ತಿಳಿಯುತ್ತದೆ. ಇದು ಪೂರ್ವನಿಯೋಜಿತವಾಗಿಯೇ ಏಕಿಲ್ಲ ಎಂಬುದು ನನಗೆ ಇನ್ನೂ ಅಚ್ಚರಿ. ಇನ್ನೊಂದು ಎಚ್ಚರಿಕೆಯ ಮಾತು: ಮರ್ಜ್ ಮಾಡುವಾಗ ‘ಅವರ್ಸ್’ ಎಂದರೆ ನಿಮ್ಮ ಬ್ರಾಂಚ್, ‘ಥೇರ್ಸ್’ ಎಂದರೆ ಒಳಬರುತ್ತಿರುವುದು. ರೀಬೇಸ್‌ನಲ್ಲಿ ನಿಮ್ಮ ಕಮಿಟ್‌ಗಳನ್ನು ಮುಖ್ಯ ಬ್ರಾಂಚ್‌ನ ಮೇಲೆ ಹೊಸದಾಗಿ ಹೇರುತ್ತಿರುವುದರಿಂದ ಇವೆರಡರ ಅರ್ಥ ಅದಲುಬದಲಾಗುತ್ತದೆ.

ಗಿಟ್ ತೋರಿಸುವ ಕಾನ್‌ಫ್ಲಿಕ್ಟ್‌ಗಿಂತ ಅದು ತೋರಿಸದ ಕಾನ್‌ಫ್ಲಿಕ್ಟ್ ಹೆಚ್ಚು ಅಪಾಯಕಾರಿ. ನಿಮ್ಮ ಸಹೋದ್ಯೋಗಿಯೊಬ್ಬರು ಮಿಂಚಂಚೆ ಕಳಿಸುವ ಫಂಕ್ಷನ್‌ನ ಹೆಸರನ್ನು ಬದಲಿಸಿ, ಅದನ್ನು ಬಳಸುತ್ತಿದ್ದ ಎಲ್ಲ ಕಡೆಯೂ ತಿದ್ದಿ ಮುಖ್ಯ ಬ್ರಾಂಚ್‌ಗೆ ಸೇರಿಸಿದ್ದಾರೆ ಎಂದು ಭಾವಿಸಿ. ಅದೇ ಹೊತ್ತಿನಲ್ಲಿ ನೀವು ಹೊಸ ಕಡತದಲ್ಲಿ ಆ ಫಂಕ್ಷನ್ ಅನ್ನು ಹಳೆಯ ಹೆಸರಿನಿಂದ ಕರೆದಿದ್ದೀರಿ. ಸಾಲುಗಳು ಎಲ್ಲಿಯೂ ಒಂದರ ಮೇಲೊಂದು ಬೀಳದ ಕಾರಣ ಮರ್ಜ್ ಸದ್ದಿಲ್ಲದೆ ಮುಗಿಯುತ್ತದೆ, ಆದರೆ ತಂತ್ರಾಂಶ ಓಡುವುದಿಲ್ಲ. ಬ್ರಾಂಚ್ ಮೇಲೆ ಮಾತ್ರ ನಡೆಸಿದ ಪರೀಕ್ಷೆಗಳು ಇದನ್ನು ಹಿಡಿಯಲಾರವು. ಮರ್ಜ್ ಆದ ಬಳಿಕದ ಫಲಿತಾಂಶದ ಮೇಲೆಯೇ ಪರೀಕ್ಷೆಗಳನ್ನು ನಡೆಸಬೇಕು. ಬ್ರಾಂಚ್‌ನ ಆಯುಸ್ಸು ಹೆಚ್ಚಿದಷ್ಟೂ ಇಂತಹವು ಹೆಚ್ಚುತ್ತವೆ.

ಹಂತ 7: ಪರಿಶೀಲನೆ ಮತ್ತು ಮರ್ಜ್

‘ಗಿಟ್ ಪುಶ್ -ಯು ಒರಿಜಿನ್’ ಎಂದು ಬರೆದು ಮುಂದೆ ಬ್ರಾಂಚ್‌ನ ಹೆಸರನ್ನು ಕೊಟ್ಟು ಕೆಲಸವನ್ನು ಸರ್ವರ್‌ಗೆ ಕಳಿಸಿ, ಪುಲ್ ರಿಕ್ವೆಸ್ಟ್ ತೆರೆಯಿರಿ. ಗಿಟ್‌ಲ್ಯಾಬ್‌ನಲ್ಲಿ ಇದನ್ನು ಮರ್ಜ್ ರಿಕ್ವೆಸ್ಟ್ ಎನ್ನುತ್ತಾರೆ. ಬದಲಾವಣೆಯ ಉದ್ದೇಶವನ್ನೂ, ಅದನ್ನು ಪರೀಕ್ಷಿಸುವ ಬಗೆಯನ್ನೂ ನಾಲ್ಕು ಸಾಲುಗಳಲ್ಲಿ ಬರೆದರೆ ಪರಿಶೀಲಿಸುವವರ ಸಮಯ ಉಳಿಯುತ್ತದೆ. ಐವತ್ತು ಸಾಲುಗಳ ಬದಲಾವಣೆಯನ್ನು ಜನ ಗಮನವಿಟ್ಟು ಓದುತ್ತಾರೆ. ಎರಡು ಸಾವಿರ ಸಾಲುಗಳದನ್ನು ಮೇಲ್ಮೇಲೆ ನೋಡಿ ಒಪ್ಪಿಗೆ ಕೊಟ್ಟುಬಿಡುತ್ತಾರೆ.

ಒಪ್ಪಿಗೆಯಾದ ಮೇಲೆ ಮರ್ಜ್ ಕಮಿಟ್, ಸ್ಕ್ವಾಶ್, ರೀಬೇಸ್ ಎಂಬ ಮೂರು ಆಯ್ಕೆಗಳು ಎದುರಾಗುತ್ತವೆ. ಸ್ಕ್ವಾಶ್ ಆಯ್ಕೆಯು ಬ್ರಾಂಚ್‌ನ ಎಲ್ಲ ಕಮಿಟ್‌ಗಳನ್ನು ಒಂದಾಗಿಸಿ ಸೇರಿಸುತ್ತದೆ. ಸಣ್ಣ ಬ್ರಾಂಚ್‌ಗಳಿಗೆ ಅದು ಚೆನ್ನ, ಏಕೆಂದರೆ ನಡುವಿನ ಅರೆಬರೆ ಕಮಿಟ್‌ಗಳು ಮುಖ್ಯ ಇತಿಹಾಸವನ್ನು ಸೇರುವುದಿಲ್ಲ. ಆದರೆ ಹೀಗೆ ಸೇರಿದ್ದು ಹೊಸ ಕಮಿಟ್ ಆದ್ದರಿಂದ, ನಿಮ್ಮ ಬ್ರಾಂಚ್ ಮರ್ಜ್ ಆಗಿದೆ ಎಂಬುದು ಗಿಟ್‌ಗೆ ತಿಳಿಯುವುದಿಲ್ಲ. ಆ ಬ್ರಾಂಚ್ ಅನ್ನು ಅಳಿಸಲು ‘ಗಿಟ್ ಬ್ರಾಂಚ್’ ಆದೇಶಕ್ಕೆ ಸಣ್ಣ ಡಿ ಅಕ್ಷರದ ಆಯ್ಕೆ ಸಾಲದೆ ದೊಡ್ಡ ಡಿ ಬೇಕಾಗಬಹುದು. ಸ್ಕ್ವಾಶ್ ಆದ ಬ್ರಾಂಚ್‌ನಲ್ಲಿಯೇ ಕೆಲಸವನ್ನು ಮುಂದುವರಿಸಿದರೆ, ಆಗಲೇ ಸೇರಿಹೋದ ಸಾಲುಗಳು ಮತ್ತೆ ಕಾನ್‌ಫ್ಲಿಕ್ಟ್ ಆಗಿ ಎದುರು ನಿಲ್ಲುತ್ತವೆ. ಮರ್ಜ್ ಆದ ಕೂಡಲೇ ಬ್ರಾಂಚ್ ಅಳಿಸಿ, ಮುಂದಿನ ಕೆಲಸಕ್ಕೆ ಹೊಸದನ್ನು ತೆರೆಯಿರಿ.

ಹಂತ 8: ಬಿಡುಗಡೆ

ಬಿಡುಗಡೆಯಾದ ಕಮಿಟ್‌ಗೆ ‘ಗಿಟ್ ಟ್ಯಾಗ್ -ಎ’ ಮೂಲಕ ಆವೃತ್ತಿಯ ಸಂಖ್ಯೆಯನ್ನು ಕೊಡಿ. ಸಾಮಾನ್ಯ ಪುಶ್‌ನೊಡನೆ ಟ್ಯಾಗ್ ಹೋಗುವುದಿಲ್ಲ, ಅದನ್ನು ಬೇರೆಯಾಗಿ ಕಳಿಸಬೇಕು. ಹಳೆಯ ಆವೃತ್ತಿಯೊಂದಕ್ಕೆ ದುರಸ್ತಿ ಬೇಕಾದರೆ ಆ ಟ್ಯಾಗ್‌ನಿಂದ ರಿಲೀಸ್ ಬ್ರಾಂಚ್ ತೆರೆಯಿರಿ, ಆದರೆ ದುರಸ್ತಿಯನ್ನು ಮೊದಲು ‘ಮೇನ್’ನಲ್ಲಿ ಮಾಡಿ, ಅಲ್ಲಿಂದ ‘ಗಿಟ್ ಚೆರಿ-ಪಿಕ್’ (ಆರಿಸಿದ ಕಮಿಟ್ ಅನ್ನು ಮಾತ್ರ ತರುವ ಆದೇಶ) ಮೂಲಕ ರಿಲೀಸ್ ಬ್ರಾಂಚ್‌ಗೆ ತನ್ನಿ. ಇದನ್ನು ತಿರುವುಮುರುವು ಮಾಡಿದರೆ ‘ಮೇನ್’ಗೆ ತರುವುದು ಮರೆತುಹೋಗಿ, ಮುಂದಿನ ಬಿಡುಗಡೆಯಲ್ಲಿ ಅದೇ ದೋಷ ಮತ್ತೆ ತಲೆಯೆತ್ತುತ್ತದೆ.

ಹಂತ 9: ತಪ್ಪಿದ್ದನ್ನು ಸರಿಪಡಿಸುವುದು

ಸರ್ವರ್‌ಗೆ ಹೋಗದ ಕಮಿಟ್ ಅನ್ನು ‘ಗಿಟ್ ರೀಸೆಟ್’ನಿಂದ ಹಿಂದೆಗೆಯಬಹುದು. ಆಗಲೇ ಹೋಗಿದ್ದರೆ ‘ಗಿಟ್ ರಿವರ್ಟ್’ ಬಳಸಬೇಕು. ಅದು ಇತಿಹಾಸವನ್ನು ಅಳಿಸದೆ, ವಿರುದ್ಧ ಬದಲಾವಣೆಯ ಹೊಸ ಕಮಿಟ್ ಅನ್ನು ಸೇರಿಸುತ್ತದೆ. ಮರ್ಜ್ ಕಮಿಟ್ ಅನ್ನು ರಿವರ್ಟ್ ಮಾಡುವಾಗ ಯಾವ ಕಡೆಯ ಇತಿಹಾಸವನ್ನು ಉಳಿಸಬೇಕೆಂದು ‘-ಎಂ 1’ ಎಂಬಂತೆ ಹೇಳಬೇಕಾಗುತ್ತದೆ. ಇಲ್ಲಿ ಅನೇಕರನ್ನು ದಾರಿತಪ್ಪಿಸುವ ಒಂದು ಸೂಕ್ಷ್ಮವಿದೆ: ಹೀಗೆ ಹಿಂದೆಗೆದ ಬ್ರಾಂಚ್ ಅನ್ನು ಸರಿಪಡಿಸಿ ಮತ್ತೆ ಮರ್ಜ್ ಮಾಡಿದರೆ, ಅದರ ಹಳೆಯ ಕಮಿಟ್‌ಗಳು ಈಗಾಗಲೇ ಇತಿಹಾಸದಲ್ಲಿ ಇರುವುದರಿಂದ ಗಿಟ್ ಅವನ್ನು ಮತ್ತೆ ತರುವುದಿಲ್ಲ, ಹೊಸ ತಿದ್ದುಪಡಿಗಳು ಮಾತ್ರ ಬರುತ್ತವೆ. ಮೊದಲು ರಿವರ್ಟ್ ಕಮಿಟ್ ಅನ್ನೇ ರಿವರ್ಟ್ ಮಾಡಿ, ಆಮೇಲೆ ಮರ್ಜ್ ಮಾಡಬೇಕು.

ರಹಸ್ಯ ಕೀಲಿಯೊಂದು ಕಮಿಟ್ ಆಗಿ ಸರ್ವರ್ ತಲುಪಿದ್ದರೆ, ಇತಿಹಾಸವನ್ನು ತಿದ್ದುವ ಮುಂಚೆ ಆ ಕೀಲಿಯನ್ನು ರದ್ದುಮಾಡಿ ಹೊಸದನ್ನು ಪಡೆಯಿರಿ. ಇತಿಹಾಸದಿಂದ ಅದನ್ನು ತೆಗೆದರೂ, ಆ ವೇಳೆಗೆ ಕ್ಲೋನ್ ಮಾಡಿಕೊಂಡವರ ಬಳಿ ಅದು ಉಳಿದೇ ಇರುತ್ತದೆ.

ಬ್ರಾಂಚ್ ಅಳಿಸಿದ್ದೋ, ತಪ್ಪು ರೀಸೆಟ್ ಮಾಡಿದ್ದೋ ಆಗಿದ್ದರೆ ‘ಗಿಟ್ ರೆಫ್‌ಲಾಗ್’ ಕೊಡಿ. ‘ಹೆಡ್’ ಎಲ್ಲೆಲ್ಲಿ ಓಡಾಡಿತೆಂಬುದರ ಪಟ್ಟಿ ಅಲ್ಲಿರುತ್ತದೆ; ಬೇಕಾದ ಹ್ಯಾಶ್ ಹುಡುಕಿ, ಅದರಿಂದ ಹೊಸ ಬ್ರಾಂಚ್ ತೆರೆದರೆ ಕೆಲಸ ಮರಳಿ ಸಿಗುತ್ತದೆ. ಈ ಪಟ್ಟಿ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುವಂಥದು, ಹೊಸದಾಗಿ ಕ್ಲೋನ್ ಮಾಡಿದ ಪ್ರತಿಯಲ್ಲಿ ಸಿಗುವುದಿಲ್ಲ. ನಮೂದುಗಳು ಸಾಮಾನ್ಯವಾಗಿ 90 ದಿನ ಉಳಿಯುತ್ತವೆ. ಬ್ರಾಂಚ್‌ನ ಈಗಿನ ಇತಿಹಾಸದಿಂದ ತಲುಪಲಾಗದ ಕಮಿಟ್‌ಗಳ ನಮೂದುಗಳಿಗೆ ಆ ಅವಧಿ 30 ದಿನ. ಒಮ್ಮೆಯೂ ಕಮಿಟ್ ಆಗದ, ‘ಗಿಟ್ ಆ್ಯಡ್’ ಕೂಡ ಕಾಣದ ಬದಲಾವಣೆಗಳನ್ನು ‘ಗಿಟ್ ರೀಸೆಟ್ --ಹಾರ್ಡ್’ ಅಳಿಸಿಹಾಕಿದ್ದರೆ ಮಾತ್ರ ರೆಫ್‌ಲಾಗ್‌ನಿಂದಲೂ ಅವು ಸಿಗುವುದಿಲ್ಲ. ಆ ಆದೇಶವನ್ನು ಕೊಡುವ ಮೊದಲು ‘ಗಿಟ್ ಸ್ಟ್ಯಾಶ್’ ಮಾಡಿ ಬದಲಾವಣೆಗಳನ್ನು ಪಕ್ಕಕ್ಕೆ ತೆಗೆದಿಟ್ಟುಕೊಳ್ಳಿ. ಹೊಸ ಕಡತಗಳೂ ಅದರಲ್ಲಿ ಸೇರಬೇಕಾದರೆ ‘-ಯು’ ಆಯ್ಕೆಯನ್ನು ಜೊತೆಗೆ ಕೊಡಬೇಕು.